ಸಾತನೂರಿಗೆ ಹೊತ್ತೊಯ್ದ ಆರ್ಕೆಸ್ಟ್ರಾ

ಮಂಗಳವಾರ ಬೆಳಿಗ್ಗೆ ರಾಮನಗರದ ಬಸ್ ನಿಲ್ದಾಣದಲ್ಲಿ ನಿಂತಾಗ ನನ್ನ ಬ್ಯಾಗಿನಲ್ಲಿ ಒಂದು ಇಡೀ ಆರ್ಕೆಸ್ಟ್ರಾ ಇತ್ತು. ಪಿಟೀಲಿನವರು, ತಗ್ಗು ದನಿಯ ದೊಡ್ಡ ಪಿಟೀಲಿನಂಥ ಚೆಲ್ಲೊದವರು, ಕೊಳಲಿನವರು, ಕಹಳೆಯವರು, ಎಲ್ಲರೂ ಅಂಗೈಯಗಲದ ಹಾರ್ಡ್ ಡಿಸ್ಕಿನೊಳಗೆ ತೆಪ್ಪಗೆ ಕೂತಿದ್ದರು. ಅವರಿಗೆ ಟಿಕೆಟ್ ಬೇಕಿರಲಿಲ್ಲ. ಹೆಂಗಸಾದ್ದರಿಂದ ನನಗೂ ದುಡ್ಡು ಕೊಡುವುದಿರಲಿಲ್ಲ. ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿಯ ಚೀಟಿ ಹಿಡಿದು ಚನ್ನಪಟ್ಟಣದ ಬಸ್ಸಿನಲ್ಲಿ ಕೂತೆ. ಆಷಾಢದ ಗಾಳಿಗೆ ಕಿಟಕಿಯ ಗಾಜು ದಾರಿಯುದ್ದಕ್ಕೂ ಗಡಗಡ ಎನ್ನುತ್ತಿತ್ತು.

ನಾನು ಸಂಗೀತ ಮಾಡುವುದು ಕಂಪ್ಯೂಟರಿನಲ್ಲಿ. ಎಲ್ಲೋ ದೂರದ ದೇಶದ ವಾದಕರು ಒಂದೊಂದೇ ಸ್ವರ ನುಡಿಸಿ ಮುದ್ರಿಸಿಟ್ಟಿರುತ್ತಾರೆ. ನಾನಿಲ್ಲಿ ಕೀಬೋರ್ಡಿನ ಮನೆ ಒತ್ತಿದರೆ ಅವರ ಪಿಟೀಲು ನುಡಿಯುತ್ತದೆ. ಚನ್ನಪಟ್ಟಣದ ಗೆಳತಿ ರುಕ್ಮಿಣಿ ಮರದ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಫೋಟೊ ತೆಗೆದು ಒಂದು ಪುಟ್ಟ ಚಿತ್ರ ಮಾಡಿದ್ದಳು. ಅದರ ಸಂಗೀತ ಪೂರ್ತಿ ನನ್ನದು. ತೆರೆಯ ಮೇಲೆ ನನ್ನ ಹೆಸರು ಬರಬೇಕಿದ್ದ ಮೊದಲ ಕೆಲಸ. ಆದರೆ ಹಿಂದಿನ ವಾರ ಅವಳು ಫೋನು ಮಾಡಿ, ಕೇಳಿದರೆ ತಲೆ ಗುಂಯ್ ಎನ್ನುತ್ತದೆ, ಗುರುವಾರ ಚಿತ್ರವನ್ನು ಸ್ಪರ್ಧೆಗೆ ಕಳಿಸಬೇಕು, ಅಷ್ಟರೊಳಗೆ ಸರಿಹೋಗದಿದ್ದರೆ ಎಲ್ಲಿಂದಾದರೂ ಸಿದ್ಧ ಸಂಗೀತ ತಂದು ಹಾಕುತ್ತೇನೆ ಎಂದಿದ್ದಳು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ, ಆದರೂ ನನ್ನ ಹೆಗ್ಗಣ ನನಗೆ ನಿಜಕ್ಕೂ ಚೆನ್ನಾಗಿಯೇ ಕಂಡಿತ್ತು.

ಚನ್ನಪಟ್ಟಣದಲ್ಲಿ ರುಕ್ಮಿಣಿ ನಿಲ್ದಾಣಕ್ಕೇ ಬಂದಿದ್ದಳು. ಕಾಫಿ ಕುಡಿಸಿ, ಚಿತ್ರದ ಕೊನೆಯ ಪ್ರತಿ ಇದ್ದ ಪೆನ್ ಡ್ರೈವ್ ಕೊಟ್ಟಳು. ಸಾತನೂರಿನ ಪುಟ್ಟಸ್ವಾಮಿಯವರ ವಿಳಾಸ ಹುಡುಕಿದ್ದೂ ಅವಳೇ. ಅವರು ಚೆನ್ನೈನ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ಸಿನಿಮಾ ಸಂಗೀತದ ಮಿಕ್ಸಿಂಗ್ ಮಾಡಿದವರು, ಅಂದರೆ ಎಲ್ಲ ವಾದ್ಯಗಳ ದನಿಯನ್ನು ಹದವಾಗಿ ಬೆರೆಸುವವರು. ಈಗ ಊರಿಗೆ ಬಂದು ಹಿಪ್ಪುನೇರಳೆ ಬೇಸಾಯದ ಜೊತೆಗೆ ಅದನ್ನೂ ಮಾಡುತ್ತಿದ್ದರು.

ಸಾತನೂರಿನ ಬಸ್ಸು ಹತ್ತುವಾಗ ರುಕ್ಮಿಣಿ ನನ್ನ ಕೈ ಹಿಡಿದುಕೊಂಡು, "ಮುನಿಸ್ಕೊಬೇಡ ಕಣೆ ನಸೀಮಾ. ನಿನ್ ರಾಗ ಚೆಂದಾಗೈತೆ. ಆದ್ರೆ ಕುದುರೆ ಬಿದ್ದು ಎದ್ದೇಳೋ ಜಾಗದಲ್ಲಿ ನಂಗೇನೂ ಆಗ್ನಿಲ್ಲ," ಎಂದಳು. ಚಿತ್ರದ ಜೀವವೇ ಆ ಬೊಂಬೆ ಕುದುರೆ. ಸಿಟ್ಟು ಇಳಿದು ಹೆದರಿಕೆ ಶುರುವಾಯಿತು.

ಹೊಂಗನೂರಿನಲ್ಲಿ ಹತ್ತಿದ ಹೆಂಗಸೊಬ್ಬರು ಪಕ್ಕ ಕೂತು ಎಲ್ಲಿಗೆ, ಯಾರ ಮನೆಗೆ, ಮದುವೆಯಾಗಿದೆಯೇ ಎಂದು ಕ್ರಮವಾಗಿ ವಿಚಾರಿಸಿದರು. ಪುಟ್ಟಸ್ವಾಮಿಯ ಹೆಸರು ಹೇಳಿದ್ದೇ ನಕ್ಕರು. ಆಕೆಯ ತವರಿನ ತೋಟ ಪುಟ್ಟಸ್ವಾಮಿಯವರ ತೋಟದ ಮಗ್ಗುಲಲ್ಲೇ ಇತ್ತಂತೆ. "ಇರೋ ಒಂದು ಹಾಡ್ನೇ ಬೆಳಗಿಂದ ಸಂಜೆಗಂಟ ಹಾಕ್ತಾನೆ ಕಣವ್ವ. ಮುಂದುಕ್ ಹೋಗಕ್ಕೇ ಬುಡಕಿಲ್ಲ," ಎಂದು ಮರುಗಿದರು.

ಪುಟ್ಟಸ್ವಾಮಿಯವರ ಸ್ಟುಡಿಯೋ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಮನೆ. ದಪ್ಪ ಗೋಡೆ, ಸಣ್ಣ ಕಿಟಕಿ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗೋಡೆ ತುಂಬ ನೇತುಹಾಕಿದ್ದರು. ದನಿ ಗೋಡೆಗೆ ಬಡಿದು ನೇರ ವಾಪಸು ಬರದೆ ಚದುರುತ್ತದಂತೆ. ನಾನು ವಾದ್ಯಗಳನ್ನು ಬೇರೆ ಬೇರೆ ಫೈಲು ಮಾಡಿ ತಂದದ್ದಕ್ಕೆ ಸಂತೋಷಪಟ್ಟರು. ಮೊದಲು ಎಲ್ಲವನ್ನೂ ಒಟ್ಟಿಗೆ ಹಾಕಿ, ಕಣ್ಣು ಮುಚ್ಚಿ ಕೂತರು.

ಆ ನಿಶ್ಶಬ್ದ ಕೋಣೆಯಲ್ಲಿ ನನ್ನ ಸಂಗೀತವನ್ನು ನಾನೇ ಮೊದಲ ಸಲ ಕೇಳಿದೆ. ಚೆಲ್ಲೊಗಳು ಗುಡುಗುತ್ತಿದ್ದವು. ಪಿಟೀಲುಗಳು ಮೊದಲಿಂದ ಕೊನೆಯವರೆಗೆ ಒಂದೇ ಸಮ ಕೂಗುತ್ತಿದ್ದವು. ಕುದುರೆ ಬಿದ್ದಾಗಲೂ ಅದೇ ಅಬ್ಬರ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ನೀವು ಕೂತು ಮಾಡೋ ಕಡೆ ಏನಾರಾ ಮಿಶಿನ್ ಓಡ್ತದಾ?"

ಓಡುತ್ತದೆ. ಕೆಳಗೆ ಅಬ್ಬಾನ ರೀಲಿಂಗ್ ಘಟಕ, ಮೇಲೆ ನಮ್ಮ ಮನೆ. ಗೂಡಿನಿಂದ ನೂಲು ತೆಗೆಯುವ ಯಂತ್ರಗಳ ಆ ಗುಂಯ್ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಕೇಳುತ್ತಿದ್ದೇನೆ ಎಂಬುದೇ ಮರೆತುಹೋಗಿದೆ. ಹೇಳಿದಾಗ ಅವರು ತಲೆಯಾಡಿಸಿದರು. ಯಂತ್ರದ ಸದ್ದು ತಗ್ಗು ಸ್ವರಗಳನ್ನೆಲ್ಲ ನುಂಗುತ್ತಿತ್ತು, ಅದಕ್ಕೇ ಚೆಲ್ಲೊ ಏರಿಸಿದ್ದೀರಿ; ಮೆಲ್ಲನೆ ನುಡಿಸಿದ್ದು ಕೇಳಿಸುತ್ತಿರಲಿಲ್ಲ, ಅದಕ್ಕೇ ಅದನ್ನೂ ಏರಿಸಿದ್ದೀರಿ ಎಂದರು. ಹೆಡ್‌ಫೋನು ಹಾಕಿದರೂ ನೆಲದಿಂದ ಕುರ್ಚಿಗೆ ಹತ್ತಿಬರುವ ನಡುಕ ತಪ್ಪುವುದಿಲ್ಲವಂತೆ. ರಾಮನಗರದಿಂದ ಇನ್ನೊಬ್ಬರದೂ ಹೀಗೇ ಬಂದಿತ್ತು ಎಂದಾಗ ನನಗೆ ಅಷ್ಟಿಷ್ಟು ಸಮಾಧಾನವಾಯಿತು.

"ಹಂಗಾದ್ರೆ ಸರಿಮಾಡ್ಬೋದಾ?" ಎಂದೆ.

"ಚೆಲ್ಲೊ ನಾನು ಇಳಿಸ್ತೀನಿ. ಸಣ್ಣ ದನಿ ನೀವೇ ತರ್ಬೇಕು. ನಾ ತಂದ್ರೆ ನಂದಾಯ್ತದೆ."

ಮೊದಲು ಅವರು ನಾನು ಪ್ರತಿ ವಾದ್ಯಕ್ಕೂ ಹಚ್ಚಿದ್ದ ಮಾರ್ದನಿಯನ್ನು ಕಿತ್ತು, ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿದಂತೆ ಮಾಡಿದರು. ಪಿಟೀಲಿನವರು ಎಡಕ್ಕೆ ಮುಂದೆ, ಕಹಳೆಯವರು ಹಿಂದೆ. ಕಲಸಿಟ್ಟ ಅನ್ನದಂತಿದ್ದದ್ದು ಬಿಡಿಬಿಡಿಯಾಯಿತು. ಮಧ್ಯಾಹ್ನ ಅವರ ಹೆಂಡತಿ ಜಯಮ್ಮ ಮುದ್ದೆ, ಉಪ್ಸಾರು ಬಡಿಸಿ, ಎರಡನೇ ಮುದ್ದೆ ಬೇಡವೆಂದರೂ ಹಾಕಿದರು.

ಊಟದ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಕುದುರೆಯ ದೃಶ್ಯ ತೆರೆದೆ. ಪಿಟೀಲಿನ ಏರಿಳಿತಕ್ಕೆ ಮೇಲೆ ಕೆಳಗೆ ಜಾರಿಸುವ ಒಂದು ಗುಂಡಿ ಇದೆ. ಮೇಲೆ ತಳ್ಳಿದರೆ ಬಿಲ್ಲು ಒತ್ತಿ ನುಡಿಸುತ್ತದೆ, ಕೆಳಗೆಳೆದರೆ ತಂತಿಯನ್ನು ಸೋಕುತ್ತದೆ ಅಷ್ಟೆ. ಮನೆಯಲ್ಲಿ ನಾನದನ್ನು ಅರ್ಧಕ್ಕಿಂತ ಕೆಳಗೆ ಎಳೆದವಳೇ ಅಲ್ಲ. ಈಗ ಎಳೆಯುತ್ತಾ ಹೋದೆ. ಕೇಳಿಸುತ್ತಲೇ ಇತ್ತು. ಅಷ್ಟು ಸಣ್ಣ ದನಿ ಆ ಹಾರ್ಡ್ ಡಿಸ್ಕಿನಲ್ಲಿ ಇಷ್ಟು ವರ್ಷ ಇತ್ತೆಂದು ತಿಳಿದು ಅಳು ಬಂತು. ಕುದುರೆ ಬಿದ್ದ ಕೂಡಲೇ ಎಲ್ಲರನ್ನೂ ನಿಲ್ಲಿಸಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಒಂದು ಪಿಟೀಲು. ಪುಟ್ಟಸ್ವಾಮಿ ಆ ಜಾಗವನ್ನು ಎಷ್ಟು ಸಲ ಹಾಕಿದರೋ, ಪಕ್ಕದ ತೋಟದವರೇ ಲೆಕ್ಕ ಹೇಳಬೇಕು. ಕೊನೆಗೆ, ಇಲ್ಲಿ ತಾನು ಕೈಯಾಡಿಸುವುದು ಏನೂ ಇಲ್ಲ ಎಂದು ಚಿತ್ರದ ಜೊತೆ ಸೇರಿಸಿ ರುಕ್ಮಿಣಿಗೆ ಕಳಿಸಿದರು.

ಸಾತನೂರಿನಿಂದ ಕನಕಪುರಕ್ಕೆ ಬಂದಾಗ ತುಂತುರು ಹನಿ. ಅವಳಿಂದ ಸುದ್ದಿಯಿಲ್ಲ. ಸಿದ್ಧ ಸಂಗೀತ ಆರಿಸುತ್ತಿದ್ದಾಳೆ ಎಂದೇ ತೀರ್ಮಾನಿಸಿ, ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಾ ಕಡಲೆಕಾಯಿ ತಿಂದೆ. ರಾಮನಗರದ ಬಸ್ಸಿನಲ್ಲಿ ಜಾಗ ಹಿಡಿದು ಕೂತ ಮೇಲೆ ಫೋನು ಬಂತು.

"ಕುದುರೆ ಬಿದ್ಮೇಲೆ ಏನೂ ಕೇಳ್ನಿಲ್ಲ. ಕೆಟ್ಟೋಯ್ತೇನೋ ಅಂತ ಕಂಪ್ಯೂಟರ್ ಹತ್ರಕ್ಕೆ ಬಗ್ಗಿದೆ ಕಣೆ. ಅಷ್ಟೊತ್ಗೆ ಆ ಪಿಟೀಲು ಬಂತು," ಎಂದಳು ರುಕ್ಮಿಣಿ. ಹಿಂದೆಯೇ ಕೇಳಿದಳು, "ನಿನ್ ಹೆಸ್ರು ಕನ್ನಡದಾಗ್ ಹಾಕ್ಲೋ, ಇಂಗ್ಲೀಷಲ್ಲೋ?"

"ಕನ್ನಡದಲ್ಲೇ ಹಾಕು. ಅಬ್ಬಾ ಮೊಬೈಲಲ್ಲಿ ನೋಡೋದು ಕೆಳಗೆ ಮಿಶಿನ್ ಮುಂದೆ ನಿಂತ್ಕೊಂಡೇ. ಆ ಪಿಟೀಲು ಅವ್ರಿಗೆ ಕೇಳಿಸಾಕಿಲ್ಲ. ಹೆಸ್ರಾದ್ರೂ ಓದ್ಲಿ."

"ಹಂಗಾದ್ರೆ ಒಸಿ ದೊಡ್ಡ ಅಕ್ಷರದಾಗೇ ಹಾಕ್ತೀನಿ," ಎಂದಳು.