ತಾಯಕ್ಕನ ಬಾಣಲೆಗೆ ಬಿದ್ದ ಬೆಳಕು

ಕಂಪ್ಲಿಯಲ್ಲಿ ತಾಯಕ್ಕನನ್ನು ಹೊಗಳಬೇಕೆಂದರೆ ಅವಳ ಮಿರ್ಚಿಯನ್ನು ಹೊಗಳಬಾರದು, ಎಣ್ಣೆಯನ್ನು ಹೊಗಳಬೇಕು. ಮಿರ್ಚಿ ಚೆನ್ನಾಗಿದೆ ಅಂದರೆ "ಮೆಣಸಿನಕಾಯಿ ಚಲೋ ಸಿಕ್ಕಿದ್ವು, ನಂದೇನೈತಿ ಅದರಾಗ" ಎಂದು ಮುಖ ತಿರುಗಿಸುತ್ತಾಳೆ. "ಎಣ್ಣಿ ಎಷ್ಟು ಸ್ವಚ್ಛ ಐತಬೇ ತಾಯಕ್ಕ" ಅಂದು ನೋಡಿ, ಮಂಡಕ್ಕಿ ಒಗ್ಗರಣೆಯ ಮೇಲೆ ಇನ್ನೊಂದು ಹಿಡಿ ಶೇಂಗಾ ಬೀಳುತ್ತದೆ. ಊರ ಅಂಚಿನಲ್ಲಿ, ಕಾಲುವೆ ತಿರುವಿನ ಬೀದಿ ದೀಪದ ಕಂಬದ ಬುಡದಲ್ಲಿ ಅವಳ ತಳ್ಳುಗಾಡಿ. ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಗಂಡ ಪಕ್ಕೀರಪ್ಪ ಹಗಲೆಲ್ಲ ರೈಸ್‌ಮಿಲ್ಲಿನಲ್ಲಿ ಚೀಲ ಹೊರುತ್ತಾನೆ, ಸಂಜೆ ಬಂದು ಮೆಣಸಿನಕಾಯಿ ಸೀಳುತ್ತಾ ಹೆಂಡತಿಗೆ ಬುದ್ಧಿ ಹೇಳುತ್ತಾನೆ. ಸೀಳಿದ ಕಾಯಿಯಷ್ಟೇ ಈವರೆಗೆ ಉಪಯೋಗಕ್ಕೆ ಬಂದಿದೆ.

ತೊಂದರೆ ಇದ್ದದ್ದು ಕಂಬದ ಮೇಲಿನ ದೀಪದಲ್ಲಿ. ಹಳೇ ಸೋಡಿಯಂ ದೀಪ, ಮಂಕು ಹಳದಿ ಬೆಳಕು. ಅದರಡಿಯಲ್ಲಿ ಆಗಷ್ಟೇ ಸುರಿದ ಹೊಸ ಎಣ್ಣೆಯೂ ಟ್ರ್ಯಾಕ್ಟರ್ ಎಂಜಿನ್ನಿನಿಂದ ಇಳಿಸಿದ ಹಾಗೆ ಕಾಣುತ್ತಿತ್ತು. ಇಷ್ಟು ವರ್ಷ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆದರೆ ಬಸ್ ಸ್ಟ್ಯಾಂಡ್ ಹತ್ತಿರ ಈಶ್ವರ್ ಎಂಬಾತ ಹೊಸದಾಗಿ ಮಿರ್ಚಿ ಅಂಗಡಿ ಇಟ್ಟ. ಅವನ ಅಂಗಡಿ ಎದುರಿನ ಕಂಬಕ್ಕೆ ಬಿಳೀ ಎಲ್‌ಇಡಿ ದೀಪ ಬಂದಿತ್ತು. ಗಿರಾಕಿಗಳ ಜೊತೆ ಮಾತಾಡುತ್ತಾ ಅವನು ಮೆಲ್ಲಗೆ ಒಂದು ಮಾತು ಬಿಡುತ್ತಿದ್ದ: "ನಮ್ಮಲ್ಲಿ ಎಲ್ಲಾ ನಿಮ್ಮ ಕಣ್ಣ ಮುಂದ ನೋಡ್ರಿ. ಆ ತಾಯಕ್ಕ ಕತ್ತಲಾಗ ಯಾವ ಎಣ್ಣ್ಯಾಗ ಏನ್ ಕರೀತಾಳೋ, ಯಾರಿಗ್ಗೊತ್ತು."

ಮಾತು ಬಾಯಿಂದ ಬಾಯಿಗೆ ದಾಟಿ ತಾಯಕ್ಕನ ಕಿವಿಗೆ ಬಿತ್ತು. ಅವಳಿಗೆ ಅನ್ನ ಇಳಿಯಲಿಲ್ಲ. ಗಿರಾಕಿ ಕಡಿಮೆಯಾದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಕೈ ಹೊಲಸು ಅನ್ನಿಸಿಕೊಳ್ಳುವುದು ಅವಳಿಂದಾಗದ ಮಾತು. ಸೆರಗಿನಿಂದ ಕಣ್ಣೊರೆಸಿಕೊಂಡು, "ನನಗೂ ಆ ಬಿಳೀ ಲೈಟು ಬೇಕು. ಊರ ಮಂದಿ ಬಗ್ಗಿ ನನ್ನ ಬಾಣಲಿ ನೋಡಬೇಕು" ಎಂದು ಹಟ ಹಿಡಿದಳು.

ಅರ್ಜಿ ಬರೆಯಲು ಪಕ್ಕದ ಮನೆಯ ಪಲ್ಲವಿ ಬಂದಳು. ಡಿಪ್ಲೊಮಾ ಓದುವ ಹುಡುಗಿ, ತಾಯಕ್ಕನ ಮಿರ್ಚಿ ತಿಂದೇ ಬೆಳೆದವಳು.

"ನನ್ನ ಎಣ್ಣಿ ಸ್ವಚ್ಛ ಐತಿ ಅಂತ ಮೊದಲ ಬರಿ" ಅಂದಳು ತಾಯಕ್ಕ.

"ಎಣ್ಣಿ ಸುದ್ದಿ ಬ್ಯಾಡಬೇ. ಈ ಹಳೇ ದೀಪ ಸುಮ್ಮನ ಕರೆಂಟ್ ತಿಂತೈತಿ, ಎಲ್‌ಇಡಿ ಹಾಕಿದ್ರ ಅರ್ಧಕ್ಕರ್ಧ ಉಳಿತೈತಿ ಅಂತ ಬರಿಯೋಣ. ಬೆಳಕು ಬೇಕು ಅಂತ ಎಲ್ಲಾರೂ ಕೇಳ್ತಾರ. ನಿಮ್ಮ ಕರೆಂಟ್ ಉಳಿಸ್ತೀವಿ ಅನ್ನೋರು ಯಾರದಾರ?"

ಈ ಮಾತು ತಾಯಕ್ಕನಿಗೆ ಬಹಳ ಹಿಡಿಸಿತು. ಅಂದಿನಿಂದ ಮಿರ್ಚಿ ಕಟ್ಟಿಕೊಡುತ್ತಾ ಎಲ್ಲರಿಗೂ ವಿದ್ಯುತ್ ಉಳಿತಾಯದ ಪಾಠ ಹೇಳತೊಡಗಿದಳು. ಆ ಬೀದಿಯ ಕರೆಂಟ್ ಬಿಲ್ಲನ್ನು ತಾನೇ ಕಟ್ಟುತ್ತಿದ್ದೇನೆ ಅನ್ನುವ ಹಾಗೆ ಮಾತಾಡುತ್ತಿದ್ದಳು.

ಪುರಸಭೆಗೆ ಹೊರಟ ದಿನ ಅವಳ ತಯಾರಿ ನೋಡಬೇಕಿತ್ತು. ರೊಟ್ಟಿ ಗಂಟು, ನೀರಿನ ಬಾಟಲಿ, ಕೂರಲು ಚಾಪೆ. ಇಲ್ಲ ಅಂದರೆ ಬಾಗಿಲಲ್ಲೇ ಧರಣಿ. ಇಂಜಿನಿಯರ್ ಮಲ್ಲಿಕಾರ್ಜುನ್ ಅರ್ಜಿ ಓದಿ, ತಲೆ ಎತ್ತಿ, "ಆಗ್ತೈತಿ ಬಿಡ್ರಿ. ಈ ವಾರ ನಿಮ್ಮ ಕಡೀನ ಹಾಕಾಕತ್ತೀವಿ" ಅಂದ.

"ಹಂಗಂದು ಸಾಗಹಾಕಬ್ಯಾಡ್ರಿ! ನಾವು ಬಡವ್ರು ಅಂತ—"

"ಅಮ್ಮಾ, ಆಗ್ತೈತಿ ಅಂದೆ."

"ನಾನು ಇಲ್ಲಿಂದ ಏಳಾಕಿಲ್ಲ!"

"ಕುಂದ್ರಿ ಹಂಗಾರ. ಲೈಟು ನಿಮ್ಮ ಕಂಬಕ್ಕ ಹಾಕ್ತೀವಿ."

ಅಷ್ಟು ಸಿದ್ಧಮಾಡಿಕೊಂಡು ಬಂದ ಜಗಳ ಹೀಗೆ ವ್ಯರ್ಥವಾದದ್ದಕ್ಕೆ ತಾಯಕ್ಕನಿಗೆ ನಿರಾಸೆಯೇ ಆಯಿತು. ತಂದ ರೊಟ್ಟಿ ಹಾಳಾಗಬಾರದೆಂದು ಅಲ್ಲೇ ಮರದಡಿ ಚಾಪೆ ಹಾಸಿ ತಿಂದು, ದಾರಿಯಲ್ಲಿ ಸಿಕ್ಕವರಿಗೆಲ್ಲ ಭಾರೀ ಜಗಳ ಗೆದ್ದು ಬಂದೆನೆಂದು ಹೇಳಿಕೊಂಡು ಮನೆಗೆ ಬಂದಳು.

ಆ ವಾರವೇ ದೀಪ ಬಂತು. ಹೊಸ ಗಾಡಿಗೆ, ಹೊಸ ಬೋರ್‌ವೆಲ್ಲಿಗೆ ಮಾಡುವ ಹಾಗೆ ತಾಯಕ್ಕ ಕಂಬಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವಿನ ಹಾರ ಸುತ್ತಿದಳು. ಪಕ್ಕೀರಪ್ಪ ತೆಂಗಿನಕಾಯಿ ಒಡೆದ. ಸಂಜೆ ದೀಪ ಹೊತ್ತಿದಾಗ ಬಾಣಲೆಯ ತಳ ಕಾಣಿಸಿತು. ತಾಯಕ್ಕ ಹೋಗಿಬರುವವರನ್ನೆಲ್ಲ ತಡೆದು, "ಬರ್ರಿ, ಬಗ್ಗಿ ನೋಡ್ರಿ" ಎಂದು ಎಣ್ಣೆ ದರ್ಶನ ಮಾಡಿಸಿದಳು. ಮಂದಿ ಬಂದರು, ನೋಡಿದರು, ತಿಂದರು. ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ತಾಯಕ್ಕನ ಸಂತೋಷಕ್ಕೆ ಮೇರೆಯೇ ಇರಲಿಲ್ಲ.

ಇಷ್ಟರಲ್ಲಿ ದೀಪಾವಳಿ ಸಮೀಪಿಸಿತು, ಹಿಂದಿನ ಗದ್ದೆಯಲ್ಲಿ ಭತ್ತ ಹಾಲುಗಟ್ಟಿತು. ಆ ದಿನಗಳಲ್ಲಿ ಭತ್ತದ ಹಸಿರು ಹುಳ ಬೆಳಕು ಕಂಡಲ್ಲಿಗೆ ಮುಗಿಬೀಳುತ್ತವೆ ಅನ್ನುವುದು ಕಂಪ್ಲಿಯಲ್ಲಿ ಹಸುಗೂಸಿಗೂ ಗೊತ್ತು. ಮನೆಮನೆಯಲ್ಲೂ ಹೊರಗಿನ ಬಲ್ಬು ಆರಿಸಿ, ಬಾಗಿಲು ಮುಚ್ಚಿ, ಬೇಗ ಉಂಡು ಮುಗಿಸುತ್ತಾರೆ. ತಾಯಕ್ಕನ ಮನೆಯಲ್ಲೂ ಹಾಗೇ. ಆದರೆ ಹಳದಿ ದೀಪಕ್ಕೆ ಹುಳ ಅಷ್ಟಾಗಿ ಬರುತ್ತಿರಲಿಲ್ಲವಾದ್ದರಿಂದ ಗಾಡಿ ಮುಂದೆ ಅವಳಿಗೆ ಎಂದೂ ಆ ಕಾಟ ಇರಲಿಲ್ಲ. ಗದ್ದೆಯ ಬದುವಿನ ಮೇಲೆ ಬಿಳೀ ದೀಪ ಬೇಡಿ ತಂದು, ಅದರಡಿ ಬಾಣಲೆ ಇಟ್ಟ ಜಾಣೆ ನಮ್ಮ ತಾಯಕ್ಕ ಒಬ್ಬಳೇ.

ಮನೆಗೆ ಹಬ್ಬದ ಸುಣ್ಣ ಬಳಿಯಲೆಂದು ಒಂದು ವಾರ ಗಾಡಿ ಮುಚ್ಚಿದ್ದ ತಾಯಕ್ಕ ಮತ್ತೆ ತೆರೆದಳು. ಆ ಸಂಜೆ ಗಾಡಿಯ ಸುತ್ತ ಜನವೋ ಜನ. ಪಲ್ಲವಿ ಗೆಳತಿಯರನ್ನು ಕರೆತಂದಿದ್ದಳು. ಈಶ್ವರನೂ ಸುಮ್ಮನೆ ಈ ಕಡೆ ಬಂದವನ ಹಾಗೆ ಬಂದು ನಿಂತಿದ್ದ. "ವ್ಯಾಪಾರ ಜೋರೈತಿ ತಾಯಕ್ಕ. ನಂದೂ ಹಂಗ, ಈ ವಾರೆಲ್ಲ ಒಂದ್ ಸಂಜೀನೂ ಬಂದ್ ಮಾಡಿಲ್ಲ, ಈಗೂ ತಮ್ಮ ಕರ್ಯಾಕತ್ತಾನ" ಅಂದ.

ದೀಪ ಹೊತ್ತಿತು. ಮೊದಲು ಒಂದು ಹುಳ ಬಂತು. ತಾಯಕ್ಕ ಕೈಬೀಸಿ ಓಡಿಸಿದಳು. ನೋಡನೋಡುತ್ತಿದ್ದ ಹಾಗೆ ಗದ್ದೆಗೆ ಗದ್ದೆಯೇ ಎದ್ದು ಬಂತು. ತಲೆ, ಸೆರಗು, ತಟ್ಟೆ, ಎಲ್ಲೆಲ್ಲೂ ಹಸಿರು. ಕಡಲೆಹಿಟ್ಟಿನ ಬೋಗುಣಿಗೆ ಪಟಪಟನೆ ಉದುರಿದವು.

ಪಕ್ಕೀರಪ್ಪ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ಕಲಸಿಬಿಡು. ಕೊತ್ತಂಬ್ರಿ ಅಂದ್ಕಂತಾರ."

ತಾಯಕ್ಕ ಬೋಗುಣಿ ನೋಡಿದಳು, ಮುಂದೆ ತಟ್ಟೆ ಹಿಡಿದು ನಿಂತ ಜನರನ್ನು ನೋಡಿದಳು. ಈ ಬೆಳಕಿನಲ್ಲಿ ಎಲ್ಲವೂ ಕಾಣುತ್ತಿತ್ತು. ಅದಕ್ಕೇ ಅಲ್ಲವೇ ಅವಳು ಇದನ್ನು ಬೇಡಿದ್ದು? ಬೋಗುಣಿ ಎತ್ತಿ ಹಿಟ್ಟನ್ನೆಲ್ಲ ತಿಪ್ಪೆಗೆ ಸುರಿದಳು. ಒಲೆ ಆರಿಸಿ, ಬಾಣಲೆಯ ಎಣ್ಣೆಗೆ ಹಿಡಿ ಮಣ್ಣು ಹಾಕಿದಳು.

"ಎಲ್ಲಾರೂ ಮನಿಗೆ ಹೋಗ್ರಪಾ" ಅಂದಳು. "ಭತ್ತ ಕೊಯ್ಯೋತನಕ ನನ್ನ ಗಾಡಿ ಬಂದ್. ಹುಳ ಬಿದ್ದದ್ದು ನಾನು ನಿಮಗ ತಿನಸಾಕಿಲ್ಲ. ಈ ಲೈಟು ಕೇಳಿದಾಕಿ ನಾನ, ತಪ್ಪು ನಂದ."

ಜನ ಮಣ್ಣು ಬಿದ್ದ ಎಣ್ಣೆಯನ್ನೇ ನೋಡುತ್ತಾ ನಿಂತರು. ಆಮೇಲೆ ಪಲ್ಲವಿ, ಹುಳ ಕೊಡವಿಕೊಳ್ಳುತ್ತಾ, ಯಾವ ಕೇಡೂ ಇಲ್ಲದ ದನಿಯಲ್ಲಿ ಕೇಳಿದಳು: "ಈಶ್ವರಣ್ಣ, ನಿಮ್ಮ ಅಂಗಡಿ ಮುಂದೂ ಇದ ಲೈಟಲ್ಲ? ಈ ವಾರೆಲ್ಲ ನೀವು ಹಿಟ್ಟು ಎಲ್ಲಿ ಚೆಲ್ಲಿದ್ರಿ?"

ಈಶ್ವರ್ ಬಾಯಿ ತೆರೆದ, ಒಳಗೊಂದು ಹುಳ ಹೋಯಿತು, ಮತ್ತೆ ಮುಚ್ಚಿದ.

"ಅವರೂ ಎಲ್ಲ್ಯರ ಚೆಲ್ಲಿರ್ತಾರ ಬಿಡವ್ವಾ" ಅಂದಳು ತಾಯಕ್ಕ, ಕಣ್ಣೊರೆಸಿಕೊಳ್ಳುತ್ತಾ. "ಮನುಷ್ಯರಾದೋರು ಯಾರರ ಅದನ್ನ ಕರೀತಾರೇನು?"

ಪಕ್ಕೀರಪ್ಪ ತಲೆ ಕೆರೆದುಕೊಂಡ. "ಅದಕ್ಕ ಮತ್ತ" ಅಂದ, ತನ್ನಷ್ಟಕ್ಕೇ ಲೆಕ್ಕ ಹಾಕುವವನ ಹಾಗೆ, "ನಿನ್ನೆ ಅವನ ಮಿರ್ಚ್ಯಾಗ ಕೊತ್ತಂಬ್ರಿ ಭಾಳ ಇತ್ತು."

ಜನರೆಲ್ಲ ಈಶ್ವರನ ಕಡೆ ತಿರುಗಿದರು. ತಾಯಕ್ಕ ಒಬ್ಬಳೇ ಗಂಡನ ಕಡೆ ತಿರುಗಿದಳು.