ಮಾಮಾ ಕಟ್ಟೆಯ ಮೇಲೆ ಉಂಡ ಒಂಬತ್ತು ದಿನ

ಆ ಕಾಲದಲ್ಲಿ ಹಲ್ಲಿನ ಡಾಕ್ಟರೆಂದರೆ ದೊಡ್ಡವರ ಹಲ್ಲು ಕೀಳುವವರು; ಕೂಸುಗಳ ಬಾಯಿ ಮನೆಯ ಅಜ್ಜಿಯರ ವಶದಲ್ಲಿರುತ್ತಿತ್ತು. ಅರವತ್ತರ ದಶಕದ ಆರಂಭ. ಅವ್ವ ಬಾಣಂತನಕ್ಕೆಂದು ಹಳೇ ಹುಬ್ಬಳ್ಳಿಯ ತವರಿಗೆ ಬಂದಿದ್ದಳು, ಜೊತೆಗೆ ಒಂಬತ್ತು ವರ್ಷದ ನಾನು. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ, ಅಂಟಿನುಂಡೆಯ ತುಪ್ಪದ ವಾಸನೆ. ಹೊಸದಾಗಿ ಹುಟ್ಟಿದ್ದ ನನ್ನ ತಮ್ಮ ದಿನಕ್ಕೆ ಎಷ್ಟು ಸಲ ಬಿಕ್ಕಿದ, ಎಷ್ಟು ಸಲ ನಕ್ಕ ಎಂದು ತಾರೀಖು ಹಾಕಿ ಬರೆದಿಡುವುದು ನನ್ನ ಕೆಲಸ.

ಅವನಿಗೆ ಎಪ್ಪತ್ತೊಂದನೆಯ ದಿನ. ಅಳಲು ಬಾಯಿ ತೆರೆದಾಗ ಮೇಲಿನ ವಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಕಂಡಿತು.

"ಆಯೀ, ತಮ್ಮಗ ಹಲ್ಲ ಬಂತು!" ಎಂದು ಅಜ್ಜಿಯನ್ನು ಕೂಗಿದೆ.

"ಹುಚ್ಚಿ, ಇಷ್ಟ ಲಗೂ ಎಲ್ಲೀ ಹಲ್ಲ?" ಎನ್ನುತ್ತ ಬಂದ ಆಯಿ, ಬಗ್ಗಿ ನೋಡಿ ಅಲ್ಲೇ ಕುಳಿತುಬಿಟ್ಟಳು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡೆಂಬ ನಂಬಿಕೆ. ಆಯಿಗೆ ಇದ್ದವನು ಒಬ್ಬನೇ ಮಗ.

ಸಂಜೆ ದುರ್ಗದಬೈಲಿನ ಅರಿವೆ ಅಂಗಡಿಯಿಂದ ಬಂದ ಮಾಮಾನನ್ನು ಬಾಗಿಲಲ್ಲೇ ತಡೆದಳು.

"ಒಳಗ ಬರಬ್ಯಾಡ. ಸ್ವಾಮಿಗೋಳು ಊರಿಂದ ಬಂದು ಶಾಂತಿ ಮಾಡೂತನಕ ಕೂಸಿನ ಮಾರಿ ನೋಡಬ್ಯಾಡ."

"ಅಲ್ಲಬೇ, ಮನೀನೂ ನಂದ, ಹೊರಗೂ ನಾನ?"

"ಹೌದು. ಕಟ್ಟಿ ಮ್ಯಾಲ ಉಣ್ಣು, ಅಲ್ಲೇ ಮಲಕೊ."

ರೊಟ್ಟಿ, ಝುಣಕ ಒಯ್ದುಕೊಡುವವಳು ನಾನು. ಮಾಮಾ ಕಿಟಕಿಯತ್ತ ಕೂಗುತ್ತಿದ್ದ: "ಏನೋ ಅಳಿಯಾ, ಎಲ್ಲಾರನ್ನೂ ಬಿಟ್ಟು ನನ್ನ ಮ್ಯಾಲ ಹಲ್ಲ ಮಸದಿ?" ಅವನು ನಗುತ್ತಿದ್ದ, ನನಗೆ ನಗು ಬರುತ್ತಿರಲಿಲ್ಲ. ಹಲ್ಲು ಕಂಡುಹಿಡಿದವಳು ನಾನೇ. ದಿನಕ್ಕೆರಡು ಸಾಲು ಬರೆಯುತ್ತಿದ್ದೆ: "ಹಲ್ಲು ಬೆಳೆದಿಲ್ಲ. ಮಾಮಾ ಸುಖವಾಗಿ ಬಂದ."

ಒಂಬತ್ತನೆಯ ದಿನ ಮಧ್ಯಾಹ್ನವೇ ಮಾಮಾ ಜ್ವರದಿಂದ ನಡುಗುತ್ತ ಮರಳಿದ. ಆಯಿ ಅವನಿಗೆ ಕಂಬಳಿ ಹೊದಿಸುತ್ತ ಕುಳಿತಳು. ನಾನೇ ಓಡಿ ಹಿಂದಿನ ಗಲ್ಲಿಯ ಡಾಕ್ಟರನ್ನು ಕರೆತಂದೆ.

"ಗಂಟಲ ಬಾತೈತಿ. ನಾಕ ದಿನ ಗುಳಿಗಿ ತಗೋರಿ," ಎಂದ ಡಾಕ್ಟರು ಆಯಿಯತ್ತ ತಿರುಗಿದರು. "ಇವರನ್ನ ಹೊರಗ್ಯಾಕ ಮಲಗಿಸೀರಿ?"

ಆಯಿ ಎಲ್ಲವನ್ನೂ ಹೇಳಿದಳು. ಡಾಕ್ಟರು ಕೈ ತೊಳೆದು, ತಮ್ಮನನ್ನು ಕಿಟಕಿಯ ಬೆಳಕಿಗೆ ಹಿಡಿದು ವಸಡನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು.

"ಅಜ್ಜೀ, ಇದು ಹಲ್ಲಲ್ಲರಿ. ಸಣ್ಣ ಗುಳ್ಳಿ. ಭಾಳ ಕೂಸುಗಳಿಗೆ ಬರ್ತೈತಿ, ತಾನ ಹೋಗ್ತೈತಿ. ಹಲ್ಲಿಗೆ ಇನ್ನೂ ಮೂರ್ನಾಕ ತಿಂಗಳ ಬೇಕು."

"ಖರೇನ್ರಿ?"

"ಖರೇ. ಚಿವುಟಾಕ ಹೋಗಬ್ಯಾಡ್ರಿ. ಹಾಲ ಕುಡಿಸಿದ ಮ್ಯಾಲ ಒದ್ದಿ ಮಾಡಿದ ಮೆತ್ತನ್ನ ಅರಿವಿಲೆ ವಸಡ ಒರಸ್ರಿ, ಸಾಕು."

ಆಯಿ ಹೊರಗೆ ಹೋಗಿ ಮಾಮಾನ ಮೇಲೆ ಹರಿಹಾಯ್ದಳು: "ಏನ ನೋಡ್ತಿ? ಒಳಗ ಬಾರೋ! ಜ್ವರಾ ಇಟಗೊಂಡು ಗಾಳಿಗೆ ಮಲಗಂತ ಯಾರ ಹೇಳಿದ್ರು ನಿನಗ?"

ನೋಯುವ ಗಂಟಲಲ್ಲೇ ಮಾಮಾ ನಕ್ಕ. ಅವ್ವ ನಕ್ಕಳು. ನಾನು ಮಾತ್ರ ಅತ್ತುಬಿಟ್ಟೆ.

ಜ್ವರ ಇಳಿಯಲೆಂದು ಮತ್ತೆ ನಾಲ್ಕು ದಿನ ಮಾಮಾ ದೂರದಿಂದಲೇ ತಮ್ಮನನ್ನು ನೋಡಿದ. ಐದನೆಯ ದಿನ ಮಿಂದು ಬಂದು ಎತ್ತಿಕೊಂಡ. ಆಯಿ ನೋಡುತ್ತ ನಿಂತಳು, ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಬಿಳಿ ಗುಳ್ಳೆ ಮೂರು ವಾರದಲ್ಲಿ ಮಾಯವಾಯಿತು. ಏಳನೆಯ ತಿಂಗಳಲ್ಲಿ ಕೆಳಗಿನ ಎರಡು ಹಲ್ಲು ಬಂದವು.

ಈ ವರ್ಷ ನನ್ನ ಮಗಳ ಕೂಸಿಗೆ ಮೇಲಿನ ಹಲ್ಲೇ ಮೊದಲು ಬಂತು. ಡಾಕ್ಟರಮ್ಮ ಮೊಬೈಲಿನಲ್ಲಿ ಫೋಟೊ ನೋಡಿ, ಏನೂ ತೊಂದರೆಯಿಲ್ಲವೆಂದರು. ಯಾರೂ ಹೆದರಲಿಲ್ಲ, ಒಳ್ಳೆಯದೇ ಆಯಿತು. ಕೂಸಿನ ಸೋದರಮಾವ, ನನ್ನ ಮಗ, ಇಲ್ಲೇ ಧಾರವಾಡದಲ್ಲಿದ್ದಾನೆ, ಹುಬ್ಬಳ್ಳಿಯ ನಮ್ಮ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅವನನ್ನು ಬಾಗಿಲಲ್ಲಿ ತಡೆಯುವವರು ಯಾರೂ ಇಲ್ಲ. ಕೂಸನ್ನು ಎತ್ತಿಕೊಳ್ಳಲು ಅವನಿನ್ನೂ ಬಂದಿಲ್ಲ.