ಮಿತ್ಸುಯೊಗೆ ಬೇಕಿದ್ದ ಛೀಮಾರಿ

ಕುಗಾ ಮಿತ್ಸುಯೊಳನ್ನು ಕಂಡರೆ ಒಸಾಕಾದ ಅರ್ಧ ಜನಕ್ಕೆ ಮೈ ಉರಿಯುತ್ತಿತ್ತು. ಅವಳ ಅನ್ನ ಬೇಯುತ್ತಿದ್ದದ್ದೇ ಆ ಉರಿಯಲ್ಲಿ. ಹೆಂಗಸರ ಕುಸ್ತಿಯ ನಮ್ಮ ಸಣ್ಣ ಕಂಪನಿಗೆ ಅವಳು ಖಳನಾಯಕಿ. ನಾನು, ಶಿಗೆಮೊರಿ, ರಿಂಗಿನ ನಡುವೆ ಮೈಕು ಹಿಡಿದು ಪೈಲ್ವಾನರ ಹೆಸರು ಕೂಗುವವನು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅವಳು ನನ್ನ ಟೈ ಹಿಡಿದು ಎಳೆದಾಡಿದ್ದಕ್ಕೆ, ತಲೆಯ ಮೇಲೆ ನೀರು ಸುರಿದದ್ದಕ್ಕೆ ಲೆಕ್ಕವಿಲ್ಲ. ನನ್ನ ಹೆಂಡತಿ ಕೊನೆಕೊನೆಗೆ ಒಳ್ಳೆಯ ಟೈ ತರುವುದನ್ನೇ ಬಿಟ್ಟಳು.

ಮಿತ್ಸುಯೊ ಈ ಕೆಲಸವನ್ನು ವ್ರತದಂತೆ ನಡೆಸಿದಳು. ನಮ್ಮಲ್ಲಿ ಒಳ್ಳೆಯವರ ವೇಷದವರಿಗೆ ಒಂದು ಕೋಣೆ, ಕೆಟ್ಟವರ ವೇಷದವರಿಗೆ ಇನ್ನೊಂದು. ಒಂದು ವ್ಯಾನಿನಲ್ಲಿ ಅವರು, ಇನ್ನೊಂದರಲ್ಲಿ ಇವರು. ಒಟ್ಟಿಗೆ ಕೂತು ಒಂದು ಬಟ್ಟಲು ಉಡೊನ್ ಶಾವಿಗೆ ತಿನ್ನುವ ಹಾಗಿಲ್ಲ, ಜನ ನೋಡಿದರೆ ಎಲ್ಲ ಕೆಟ್ಟಿತು. ಈಗಿನ ಹುಡುಗಿಯರು ಕದ್ದುಮುಚ್ಚಿ ಮೊಬೈಲಿನಲ್ಲಿ ಹರಟುತ್ತಾರೆ. ಮಿತ್ಸುಯೊ ಅದನ್ನೂ ಮಾಡಿದವಳಲ್ಲ. ಮೀನಂಗಡಿಗೆ ಹೋದರೂ ಮುಖ ಗಂಟು ಹಾಕಿಕೊಂಡೇ ಬಂಗುಡೆ ಕೊಳ್ಳುತ್ತಿದ್ದಳು. ಮದುವೆಯ ಮಾತು ಒಂದೆರಡು ಸಲ ಬಂದಿತ್ತಂತೆ. ಗಂಡಿನ ಕಡೆಯವರು ಪಂದ್ಯ ನೋಡಲು ಬಂದರು, ಅಲ್ಲಿಗೆ ಮುಗಿಯಿತು. ಅದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಕೇಳುವ ನನಗೆ ನಗು ಬರುತ್ತಿರಲಿಲ್ಲ.

ಐವತ್ತು ಹತ್ತಿರವಾದಾಗ ಮೊಣಕಾಲು ಕೈಕೊಟ್ಟಿತು. ಇನ್ನು ಸಾಕು ಎಂದರು ವೈದ್ಯರು. ನಮ್ಮ ಯಜಮಾನ ತೊಕುನಾಗಾ ಅದರಲ್ಲೂ ವ್ಯಾಪಾರ ಕಂಡ. ಆ ಚಳಿಗಾಲದ ದೊಡ್ಡ ಕೂಟವನ್ನು, ಹಣ ಕಟ್ಟಿದವರು ಮನೆಯಲ್ಲೇ ಕೂತು ನೋಡುವ ನೇರಪ್ರಸಾರವಾಗಿ ಮಾರಲು ಹೊರಟಿದ್ದ. ಅದರ ಕೊನೆಯ ಪಂದ್ಯವೇ ಮಿತ್ಸುಯೊಳ ಕೊನೆಯ ಕುಸ್ತಿ ಎಂದು ಮೂರು ತಿಂಗಳು ಮೊದಲೇ ಡಂಗುರ ಸಾರಿಬಿಟ್ಟ.

ಎಡವಟ್ಟಾದದ್ದು ಇಲ್ಲೇ. ನಮ್ಮ ಜನರ ಗುಣ ಇಷ್ಟು ವರ್ಷ ಈ ಕಸುಬಿನಲ್ಲಿದ್ದ ತೊಕುನಾಗಾನಿಗೆ ಗೊತ್ತಿರಬೇಕಿತ್ತು. ಯಾರೇ ಆಗಲಿ, ಹೊರಟು ನಿಂತರು ಎಂದರೆ ಸಾಕು, ನಮ್ಮವರ ಎದೆ ಕರಗುತ್ತದೆ. ಅಲ್ಲಿಯವರೆಗೆ "ಸಾಯಿ!" ಎಂದು ಕಿರುಚುತ್ತಿದ್ದವರು ಮಾರನೆಯ ವಾರ "ಮಿತ್ಸುಯೊ-ಸಾನ್, ಹೋಗಬೇಡಿ!" ಎಂದು ಗೌರವದಿಂದ ಬೇಡತೊಡಗಿದರು. ಅವಳು ಚೌಕಾಕಾರದ ತಗಡಿನ ಡಬ್ಬದಿಂದ ಎದುರಾಳಿಯ ತಲೆಗೆ ಬಡಿದರೆ ಚಪ್ಪಾಳೆ. ನನ್ನ ಟೈ ಎಳೆದರೆ ಇನ್ನೂ ದೊಡ್ಡ ಚಪ್ಪಾಳೆ. ಒಬ್ಬಾಕೆ ಮುಂದಿನ ಸಾಲಿನಿಂದ ಮೊಣಕಾಲಿಗೆ ಅಂಟಿಸುವ ನೋವಿನ ಪಟ್ಟಿ ತಂದುಕೊಟ್ಟಳು. ಖಳನಾಯಕಿಗೆ ಇದಕ್ಕಿಂತ ಅವಮಾನವಿದೆಯೇ!

ಕೊನೆಯ ಪಂದ್ಯದ ಎದುರಾಳಿ ಅಯುಕಾವಾ ನಾಗಿ. ಇಪ್ಪತ್ತೆರಡರ ಹುಡುಗಿ. ಬೀಳುವುದು ಹೇಗೆ ಎಂಬುದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ಕಲಿಸಿದವಳು ಮಿತ್ಸುಯೊಳೇ. ಅದು ಮಾತ್ರ ಹೊರಗಿನವರಿಗೆ ಗೊತ್ತಿರಲಿಲ್ಲ. ಮಿತ್ಸುಯೊಳನ್ನು ಸೋಲಿಸಿ ನಾಗಿ ಮುಂದಿನ ನಾಯಕಿಯಾಗಬೇಕು, ಕಂಪನಿ ಅವಳ ಹೆಗಲ ಮೇಲೆ ನಿಲ್ಲಬೇಕು ಎಂಬುದು ಎಲ್ಲರ ಆಸೆ. ಗೆಲುವು ಮೊದಲೇ ಗೊತ್ತಿರುತ್ತದೆಯೇ ಎಂದು ನನ್ನನ್ನು ಕೇಳಬೇಡಿ, ಹೇಳುವವನು ನಾನಲ್ಲ. ಆದರೆ ಜನ ಯಾರ ಹೆಸರು ಕೂಗುತ್ತಾರೆ ಎಂಬುದು ಮಾತ್ರ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ದೊಡ್ಡ ಕೂಟಕ್ಕೆ ಮುಂಚೆ ಕಿಶಿವಾದಾ ಊರಿನಲ್ಲಿ ನಡೆದ ಪಂದ್ಯದಲ್ಲಿ ಅದು ಗೊತ್ತಾಯಿತು. ನಾಗಿ ಮಿತ್ಸುಯೊಗೆ ಒಂದು ಒದೆ ಕೊಟ್ಟಳು, ಚೆಂದದ ಒದೆ. ಜನ ಅವಳನ್ನೇ ಬೈದರು.

"ವಯಸ್ಸಾದೋರ ಮೇಲೆ ಕಾಲೆತ್ತುತ್ತೀಯಲ್ಲೇ, ನಾಚಿಕೆ ಆಗಲ್ವಾ?"

"ಆ ಮಂಡಿ ನೋಡೇ, ಮಂಡಿ! ಕಣ್ಣು ಕಾಣಲ್ವಾ ನಿಂಗೆ?"

ಮುಗಿದ ಮೇಲೆ ನಾಗಿ ತನ್ನ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಗೋಡೆಯಾಚೆಯ ಕೋಣೆಯಲ್ಲಿ ಮಿತ್ಸುಯೊ ಬೂಟಿನ ದಾರ ಬಿಚ್ಚುತ್ತಾ ಕೂತಿದ್ದಳು. ಎದ್ದು ಹೋಗಿ ಸಮಾಧಾನ ಮಾಡುವಂತಿಲ್ಲ, ಕಟ್ಟುಪಾಡು. ಬಾಗಿಲಲ್ಲಿ ನಿಂತಿದ್ದ ನನಗೆ ಅವಳೆಂದಳು:

"ಕೇಳಿಸ್ತಾ ಶಿಗೆ? ಕೊನೇ ದಿನಾನೂ ಹಿಂಗೇ ಆದ್ರೆ, ನನ್ನ ಸೋಲಿಸಿದ ಪಾಪಕ್ಕೆ ಆ ಹುಡುಗೀನ ಜನ ಜನ್ಮದಲ್ಲಿ ಕ್ಷಮಿಸಲ್ಲ. ಅವಳ ಕಥೆ ಶುರುವಾಗೋಕೆ ಮುಂಚೇನೇ ಮುಗೀತು."

"ಏನ್ ಮಾಡ್ತೀಯ? ಡಬ್ಬದಲ್ಲಿ ಹೊಡೆದ್ರೂ ಚಪ್ಪಾಳೆ ತಟ್ತಾರೆ."

"ಬೈಸ್ಕೋತೀನಿ ಕಣೋ. ಹೇಗಾದ್ರೂ ಬೈಸ್ಕೋತೀನಿ. ಬೈಗುಳ ತಿಂದೇ ಬೆಳೆದೋಳು ನಾನು, ಪಾಯಸ ಕುಡಿದು ಹೋಗಲ್ಲ."

ಅಲ್ಲಿಂದ ಅವಳು ಎಲ್ಲವನ್ನೂ ಪ್ರಯತ್ನಿಸಿದಳು. ಪತ್ರಿಕೆಯವರೆದುರು ಮೇಜು ಉರುಳಿಸಿದಳು, "ಮಿತ್ಸುಯೊ-ಸಾನ್ ಕೊನೆಯವರೆಗೂ ಮಿತ್ಸುಯೊ-ಸಾನ್!" ಎಂದು ಅವರು ಮೆಚ್ಚಿ ಬರೆದರು. ಅಭಿಮಾನಿಯೊಬ್ಬ ಫೋಟೊ ಕೇಳಿದಾಗ ಅವನ ಟೋಪಿ ಕಿತ್ತು ಮೆಟ್ಟಿದಳು. ಅವನು ಆ ಹೆಜ್ಜೆ ಗುರುತಿನ ಮೇಲೆ ಹಸ್ತಾಕ್ಷರ ಬೇಡಿದ. ನನಗೆ ಹೊಟ್ಟೆ ಹಿಡಿದುಕೊಂಡು ನಗು. ಅವಳು ನನ್ನತ್ತ ನೋಡಿದ ನೋಟಕ್ಕೆ ಆ ನಗು ಅಲ್ಲೇ ನಿಂತಿತು.

ಇತ್ತ ತೊಕುನಾಗಾನದು ಇನ್ನೊಂದು ಹಟ. ಪಂದ್ಯಕ್ಕೆ ಮುಂಚೆ ಹೂಗುಚ್ಛ ಕೊಡುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದನ್ನು ನಾಗಿ ಕೈಯಿಂದಲೇ ಕೊಡಿಸಬೇಕು, ಇಬ್ಬರೂ ಕೈಕುಲುಕಬೇಕು, ಮನೆಯಲ್ಲಿ ನೋಡುವವರ ಕಣ್ಣು ಒದ್ದೆಯಾಗಬೇಕು.

"ಆಗಲ್ಲ," ಎಂದಳು ಮಿತ್ಸುಯೊ. "ಕೈಕುಲುಕೋಕೆ ನಾನೇನು ಎಲೆಕ್ಷನ್ನಿಗೆ ನಿಂತಿದೀನಾ?"

ಆದರೆ ಕೂಟದ ಹಿಂದಿನ ದಿನ ತಾನಾಗಿ ಅವನ ಕಚೇರಿಗೆ ಬಂದು, "ಆಯ್ತು ಯಜಮಾನ್ರೇ, ಹೂವು ತಗೋತೀನಿ," ಎಂದಳು. ತೊಕುನಾಗಾ ಹಿಗ್ಗಿಹೋದ. ನನಗೆ ಸಂಕಟವಾಯಿತು. ಎಂಥ ಗಟ್ಟಿಗಿತ್ತಿಯೂ ಕೊನೆಗೆ ಸೋಲುತ್ತಾಳಲ್ಲ ಎಂದುಕೊಂಡೆ. ಮೆಟ್ಟಿಲಲ್ಲಿ ತಡೆದು ಕೇಳಿದರೆ, "ಸುಸ್ತಾಗಿದೆ ಶಿಗೆ," ಎಂದಷ್ಟೇ ಹೇಳಿ ಕುಂಟುತ್ತಾ ಇಳಿದಳು.

ಆ ಭಾನುವಾರ ಮಧ್ಯಾಹ್ನ ಸಭಾಂಗಣ ಭರ್ತಿ. ಅವಳ ಹೆಸರು ಕೂಗಿದ್ದೇ ತಡ, ನೇರಳೆ ಬಣ್ಣದ ಕಾಗದದ ಸುರುಳಿಗಳು ನಾಲ್ಕೂ ಕಡೆಯಿಂದ ಹಾರಿಬಂದು ಅವಳನ್ನು ಮುಚ್ಚಿಬಿಟ್ಟವು. ಜನ ತಮ್ಮ ಮೆಚ್ಚಿನವರಿಗಷ್ಟೇ ಎಸೆಯುವ, ಖಳನಾಯಕಿಗೆ ಯಾರೂ ಎಸೆಯದ ಸುರುಳಿಗಳು ಅವು. ನಾಗಿ ತನ್ನ ತಾಯಿ ಹೊಲಿದುಕೊಟ್ಟ ಬಿಳಿ ನಿಲುವಂಗಿ ತೊಟ್ಟು, ಹೂಗುಚ್ಛ ಹಿಡಿದು ಮುಂದೆ ಬಂದಳು. ಆಗಲೇ ಅಳುತ್ತಿದ್ದಳು, ನಿಜವಾದ ಅಳು. ಮಿತ್ಸುಯೊ ಹೂವು ತೆಗೆದುಕೊಂಡಳು. ತಲೆ ಬಾಗಿಸಿದಳು, ಇಷ್ಟು ವರ್ಷದಲ್ಲಿ ಯಾರಿಗೂ ಬಾಗದ ತಲೆ. ಅವಳ ಭುಜ ನಡುಗುತ್ತಿತ್ತು. ಜನ ಗೋಳೋ ಎಂದು ಅತ್ತರು. ನಾನು ಮೈಕಿನಲ್ಲಿ "ಕುಗಾ ಮಿತ್ಸುಯೊ, ಧನ್ಯವಾದ..." ಎಂದವನು ಅಲ್ಲೇ ಅತ್ತುಬಿಟ್ಟೆ.

ಅವಳು ಕೈ ಚಾಚಿದಳು. ನಾಗಿ ಹಿಡಿದಳು.

ಮಿತ್ಸುಯೊ ಆ ಕೈಯನ್ನು ಎಳೆದು ಹಣೆಗೆ ಹಣೆ ಗುದ್ದಿದಳು. ಬಿದ್ದ ಹುಡುಗಿಯ ಮುಖಕ್ಕೆ ಅದೇ ಹೂಗುಚ್ಛದಿಂದ ಬಡಿದಳು, ಹೂವೆಲ್ಲ ಉದುರಿ ಕಡ್ಡಿ ಉಳಿಯುವವರೆಗೆ. ಆಮೇಲೆ ಬಿಳಿ ನಿಲುವಂಗಿಯ ಅಂಚನ್ನು ಎತ್ತಿ ನಿಧಾನವಾಗಿ ಕಣ್ಣೊರೆಸಿಕೊಂಡು, ಸೊರ್ರೆಂದು ಮೂಗೂ ಒರೆಸಿಕೊಂಡಳು. ನನ್ನ ಕೈಯಿಂದ ಮೈಕು ಕಿತ್ತುಕೊಂಡಳು.

"ಅತ್ರಾ? ಎಲ್ರೂ ಅತ್ರಾ? ಮನೇಲಿ ಕೂತೋರೂ ಅತ್ರಾ? ದುಡ್ ಕೊಟ್ಟು ಅತ್ರಲ್ಲೋ, ಪೆದ್ದು ಮುಂಡೇವಾ!"

ಎಲ್ಲೋ ಹಿಂದಿನ ಸಾಲಿನಲ್ಲಿ ಹೆಂಗಸೊಬ್ಬಳು "ಛೀ!" ಎಂದಳು. ಅಷ್ಟೇ. ಇಡೀ ಕಟ್ಟಡ ಅಬ್ಬರಿಸಿತು. ಇದು ತಮಾಷೆಯ ಬೈಗುಳವಲ್ಲ. ಹೊಡೆತವನ್ನು ಜನ ಕ್ಷಮಿಸುತ್ತಾರೆ, ತಮ್ಮ ಕಣ್ಣೀರಿಗೆ ಮೋಸ ಮಾಡಿದವರನ್ನು ಕ್ಷಮಿಸುವುದಿಲ್ಲ. ನಾನೂ ಅತ್ತಿದ್ದೆ, ನನ್ನ ಕಿವಿ ಕೂಡ ಸಿಟ್ಟಿಗೆ ಸುಡುತ್ತಿತ್ತು. ಅವಳಿಗೆಂದು ತಂದು ಕೈಯಲ್ಲಿ ಉಳಿದಿದ್ದ ಸುರುಳಿಗಳನ್ನು ಜನ ಕಾಲ ಕೆಳಗೆ ಹಾಕಿ ತುಳಿದರು. ನಾಗಿ ಎದ್ದು ನಿಂತಾಗ ಅವಳ ಕಣ್ಣಲ್ಲಿ ನಾನು ಎಂದೂ ಕಾಣದ ಕಿಚ್ಚಿತ್ತು. ಅವಳ ಒಂದೊಂದು ಒದೆಗೂ ಜನ "ನಾಗಿ! ನಾಗಿ!" ಎಂದು ಕುಣಿದರು. ಕೆಟ್ಟ ಮೊಣಕಾಲಿಗೆ ಒದ್ದಾಗಲಂತೂ ಚಾವಣಿ ಹಾರಿಹೋಗುವಂತೆ ಕೂಗು. ಕೊನೆಗೆ ಮಿತ್ಸುಯೊ ಅಂಗಾತ ಬಿದ್ದಳು, ಏಳಲಿಲ್ಲ. ಗೆದ್ದವಳ ಹೆಸರನ್ನು ನಾನು ಎಷ್ಟು ರೋಷದಿಂದ ಕೂಗಿದೆನೆಂದರೆ ಎರಡು ದಿನ ಗಂಟಲು ಬಿದ್ದುಹೋಗಿತ್ತು.

ನಿವೃತ್ತರಾಗುವವರ ಗೌರವಕ್ಕೆ ನಮ್ಮಲ್ಲಿ ಹತ್ತು ಸಲ ಗಂಟೆ ಬಾರಿಸುತ್ತಾರೆ, ಅದಕ್ಕೆ ತೊಕುನಾಗಾ ಸಜ್ಜಾಗಿ ನಿಂತಿದ್ದ. ಅವಳು ಕಾಯಲೇ ಇಲ್ಲ. ಛೀಮಾರಿಯ ನಡುವೆ ಒಬ್ಬಳೇ ಕುಂಟುತ್ತಾ ಪರದೆಯಾಚೆಗೆ ನಡೆದಳು.

ನಾನು ಹಿಂದೆಯೇ ಓಡಿದೆ, ಬೈಯಲೆಂದೇ ಓಡಿದೆ. ಅವಳು ಓಣಿಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು.

"ನನಗಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತೇನೇ? ಜನರ ಮುಂದೆ ಮಗು ಹಂಗೆ ಅತ್ತೆನಲ್ಲೇ ನಾನು!"

"ಹೇಳಿದ್ರೆ ಅಳ್ತಿದ್ಯಾ? ನಿನ್ ಮುಖಕ್ಕೆ ನಾಟಕ ಬರಲ್ಲ ಕಣೋ ಶಿಗೆ. ನಾಗಿ ಮುಖಕ್ಕೂ ಬರಲ್ಲ. ನಿಮ್ಮಿಬ್ರ ಅಳು ನಿಜವಾಗಿರ್ಬೇಕಿತ್ತು, ಆಮೇಲಿನ ಸಿಟ್ಟೂ ನಿಜವಾಗಿರ್ಬೇಕಿತ್ತು." ಬೆರಳೆತ್ತಿ ಪರದೆಯ ಕಡೆ ತೋರಿಸಿದಳು. "ಕೇಳು."

ಆಚೆ ಜನ ಇನ್ನೂ ನಾಗಿಯ ಹೆಸರನ್ನೇ ಕೂಗುತ್ತಿದ್ದರು. ಮಿತ್ಸುಯೊ ಎಂದು ಒಬ್ಬರೂ ಅನ್ನಲಿಲ್ಲ. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ನಾನು ಪಕ್ಕದಲ್ಲಿ ಕೂತು ಅವಳ ಬೂಟಿನ ದಾರ ಬಿಚ್ಚತೊಡಗಿದೆ. ಆಗ ಅವಳ ಗಲ್ಲ ಒದ್ದೆಯಾದದ್ದು ಕಂಡಿತು.

"ಈಗ್ಯಾಕೆ ಅಳ್ತೀಯ? ನೀನಂದ್ಕೊಂಡಂಗೇ ಆಯ್ತಲ್ಲ."

"ಆಯ್ತು," ಎಂದಳು. "ಆದ್ರೆ ಶಿಗೆ, ಈ ಮೂರು ತಿಂಗಳು ಜನ ನನ್ ಹೆಸರು ಕೂಗ್ತಿದ್ರಲ್ಲ, ತುಂಬಾ ಹಿತವಾಗಿತ್ತು ಕಣೋ."